ಸೈಕಲ್ ಜಾಸ್ತಿ ಆಯ್ತಾ? ಎಣಿಸಿ, ಅಳೆದು, ಕಡಿಮೆ ಮಾಡುವ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಆಯುಧ ಪೂಜೆ ಆದ ವಾರ ನನಗೆ ಒಂದೇ ತರಹದ ಫೋನ್ ಬರುತ್ತದೆ. "ಸಾರ್, ಮನೇಲಿ ಹನ್ನೊಂದು ಸೈಕಲ್ ಇತ್ತು. ಕಡಿಮೆ ಮಾಡೋಣ ಅಂತ ಎರಡು ಮಾರಿದೆ. ಈಗ ಹನ್ನೆರಡಿದೆ." ನಗಬೇಡಿ. ಈ ಲೆಕ್ಕ ನಮ್ಮ ಮನೆಯಲ್ಲೂ ಆಗಿದೆ.

ಆಸೆಯ ತಪ್ಪು ಇದರಲ್ಲಿ ಸ್ವಲ್ಪ ಇದೆ, ಕ್ರಮದ ತಪ್ಪು ಜಾಸ್ತಿ ಇದೆ. ಎಷ್ಟಿದ್ದರೆ ಸಾಕು ಅಂತ ಗೊತ್ತು ಮಾಡಿಕೊಳ್ಳದೆ ನೇರ ಮಾರಾಟಕ್ಕೆ ಇಳಿಯುತ್ತೇವೆ. ಮಾರಾಟಕ್ಕಿಟ್ಟರೆ ಮೊದಲು ಹೋಗುವುದು ಯಾವುದು? ಚೆನ್ನಾಗಿ ಓಡುತ್ತಿರುವುದು. ಉಳಿಯುವುದು ಟಯರ್ ಚಪ್ಪಟೆಯಾದ ನಾಲ್ಕು, ಪೆಡಲ್ ಇಲ್ಲದ ಎರಡು. ಭಾನುವಾರ ಬೆಳಗ್ಗೆ ತುಳಿಯೋಕೆ ಒಂದೂ ಸರಿಯಿಲ್ಲ ಅಂತ ಇನ್ನೊಂದು ತರುತ್ತೇವೆ.

ಸೈಕಲ್ ಹುಚ್ಚಿನವರ ನಡುವೆ ಒಂದು ಹಳೇ ಜೋಕ್ ಇದೆ. ಬೇಕಾದ ಸೈಕಲ್ ಎಷ್ಟು ಅಂದರೆ ಎನ್ ಪ್ಲಸ್ ಒನ್, ಅಂದರೆ ಈಗಿರುವುದಕ್ಕಿಂತ ಒಂದು ಜಾಸ್ತಿ. ಅದೇ ಜೋಕಿಗೆ ಎರಡನೇ ಸಾಲೂ ಇದೆ, ಅದನ್ನು ಮಾತ್ರ ನುಂಗಿಬಿಡುತ್ತಾರೆ: ಹೆಂಡತಿ ತವರಿಗೆ ಹೊರಡುವ ಸಂಖ್ಯೆಗಿಂತ ಒಂದು ಕಮ್ಮಿ. ನಾನು ಎರಡನ್ನೂ ಬಿಟ್ಟು ಗಾಳಿ ನೋಡುತ್ತೇನೆ. ನಿಮ್ಮ ಕೈಯಲ್ಲಿ ಗಾಳಿ ತುಂಬಿಟ್ಟು, ತುಳಿದು, ಎಣ್ಣೆ ಬಿಟ್ಟು ನೋಡಿಕೊಳ್ಳಲು ಎಷ್ಟಕ್ಕೆ ಆಗುತ್ತದೋ ಅಷ್ಟು ನಿಮ್ಮ ಸೈಕಲ್. ಮಿಕ್ಕಿದ್ದು ಸಾಮಾನು.

ಈ ಕೆಲಸಕ್ಕೆ ಒಂದು ಭಾನುವಾರ ಸಾಲದು. ಎಣಿಸಿ ಅಳೆಯುವುದಕ್ಕೇ ಸುಮಾರು ಎರಡು ತಿಂಗಳು ಬೇಕು. ಅವಸರ ಇರುವವರು ಇಲ್ಲೇ ನಿಲ್ಲಿಸಬಹುದು, ಬೇಜಾರಿಲ್ಲ.

## ಈ ಕೆಲಸ ನಿಮಗೆ ಬೇಕಾ? ಎಚ್ಚರಿಕೆಯ ಗುರುತುಗಳು

ಸಂಖ್ಯೆ ನೋಡಿ ಹೇಳಲು ಆಗುವುದಿಲ್ಲ. ಐದೇ ಇದ್ದು ಜಾಸ್ತಿ ಆಗಿರುವ ಮನೆ ನೋಡಿದ್ದೇನೆ, ಹದಿನೈದಿದ್ದು ಎಲ್ಲದಕ್ಕೂ ಗಾಳಿ ಇರುವ ಮನೆಯನ್ನೂ ನೋಡಿದ್ದೇನೆ. ಈ ಗುರುತುಗಳಲ್ಲಿ ಮೂರು ನಿಮ್ಮಲ್ಲಿದ್ದರೆ ಮುಂದೆ ಓದಿ.

- ಒಂದು ಸೈಕಲ್ ತೆಗೆಯಲು ಇನ್ನೆರಡನ್ನು ಸರಿಸಬೇಕು.
- ಅಂಗಡಿಯಲ್ಲಿ ಟ್ಯೂಬ್ ತಗೊಂಡು ಮನೆಗೆ ಬಂದ ಮೇಲೆ ಯಾವುದಕ್ಕೆ ತಂದಿದ್ದು ಅಂತ ಯೋಚಿಸುತ್ತೀರಿ.
- ಒಂದರ ಸೀಟು, ಇನ್ನೊಂದರ ಪೆಡಲ್ ಕಿತ್ತು ಮೂರನೆಯದನ್ನು ಓಡಿಸುತ್ತಿದ್ದೀರಿ.
- ಬೀಗ ಇದೆ, ಕೀ ಇಲ್ಲ.
- ಹೊಸದು ಬಂದಾಗ ಮನೆಯವರ ಹತ್ತಿರ "ಫ್ರೆಂಡ್‌ದು, ಎರಡು ದಿನಕ್ಕೆ ಇಟ್ಟಿದ್ದಾನೆ" ಅಂದಿದ್ದೀರಿ.

ಕೊನೆಯದೊಂದೇ ಇದ್ದರೂ ಸಾಕು.

## ಬೇಕಾದ ಸಾಮಾನು

ಗೇಜ್ ಇರುವ ಪಂಪ್. ಅಳತೆ ಟೇಪು. ಮಾಸ್ಕಿಂಗ್ ಟೇಪು, ಅಂದರೆ ಪೇಂಟರ್‌ಗಳು ಬಳಸುವ ಕಾಗದದ ಟೇಪು, ಜೊತೆಗೆ ಒಂದು ಮಾರ್ಕರ್ ಪೆನ್ನು. ಟಾರ್ಚು, ಹಳೇ ಬಟ್ಟೆ, 12 ಇಂಚಿನ ಸ್ಟೀಲ್ ಸ್ಕೇಲು, ಅಲೆನ್ ಕೀ ಸೆಟ್ಟು, 15 ಎಂಎಂ ಸ್ಪ್ಯಾನರು. 100 ಪುಟದ ಒಂದು ನೋಟ್‌ಬುಕ್ಕು. ಮೊಬೈಲಿನ ಎಕ್ಸೆಲ್ ಶೀಟು ಬೇಡ. ನೋಟ್‌ಬುಕ್ ಪಂಪಿನ ಪಕ್ಕ ಮೊಳೆಗೆ ನೇತಾಡುತ್ತಿರಬೇಕು, ಆಗ ಮಾತ್ರ ಬರೆಯುತ್ತೀರಿ.

## ಹಂತ 1: ಎಲ್ಲವನ್ನೂ ಒಂದೇ ದಿನ ಹೊರಗೆ ತೆಗೆಯಿರಿ

ಮೆಟ್ಟಿಲ ಕೆಳಗಿನದು, ತಾರಸಿ ಮೇಲಿನದು, ಬಾಲ್ಕನಿಯದು, ಅಟ್ಟದಲ್ಲಿ ಬಟ್ಟೆ ಸುತ್ತಿ ಇಟ್ಟ ಬರೀ ಫ್ರೇಮು, ಎಲ್ಲವೂ ಅಂಗಳಕ್ಕೆ ಬರಲಿ. ತಂಗಿ ಮನೆಯಲ್ಲಿ, ಊರಿನ ಕೊಟ್ಟಿಗೆಯಲ್ಲಿ ಇಟ್ಟಿರುವುದನ್ನೂ ನೋಟ್‌ಬುಕ್ಕಿಗೆ ಸೇರಿಸಿ. ಬೇರೆಯವರ ಮನೆಗೆ ಸಾಗಿಸಿದ್ದು ಕಡಿಮೆ ಮಾಡಿದ ಲೆಕ್ಕಕ್ಕೆ ಬರುವುದಿಲ್ಲ.

ಎಣಿಸುವಾಗ ಜನ ಮೋಸ ಹೋಗುವುದು ಫ್ರೇಮಿನಲ್ಲಿ. "ಅದು ಸೈಕಲ್ ಅಲ್ಲ, ಬರೀ ಫ್ರೇಮು" ಅನ್ನುತ್ತಾರೆ. ಬರೀ ಫ್ರೇಮು ಅಂದರೆ ಮುಂದೆ ಖರ್ಚು ಕಾದಿರುವ ಸೈಕಲ್. ಅದನ್ನೂ ಒಂದು ಅಂತಲೇ ಬರೆಯಿರಿ.

ಪ್ರತಿಯೊಂದಕ್ಕೂ ಅರ್ಧ ಪುಟ. ಹೆಸರು, ಟಯರ್ ಸೈಜು, ವಾಲ್ವ್ ಯಾವ ತರಹ, ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೆಳಗೆ ಕೊರೆದಿರುವ ಫ್ರೇಮ್ ನಂಬರು. ಆ ನಂಬರು ಹಂತ 8ರಲ್ಲಿ ಬೇಕಾಗುತ್ತದೆ. ಬಟ್ಟೆಯಿಂದ ಉಜ್ಜಿ, ಫೋಟೋ ತೆಗೆದು ಇಟ್ಟುಕೊಳ್ಳಿ.

ಇವತ್ತು ಏನನ್ನೂ ರಿಪೇರಿ ಮಾಡಬೇಡಿ. ಈ ಮಾತನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಜೋರಾಗಿ ಹೇಳುತ್ತಿದ್ದೇನೆ. ಹೊರಗೆ ತೆಗೆದ ಕೂಡಲೇ ಒಂದರ ಬ್ರೇಕ್ ಬಿಗಿ ಮಾಡೋಣ ಅನ್ನಿಸುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಒಂದೇ ಸೈಕಲ್ ಬಿಚ್ಚಿ ಹರಡಿರುತ್ತೀರಿ. ಮಿಕ್ಕಿದ್ದು ಹಾಗೇ ಒಳಗೆ ಹೋಗುತ್ತದೆ.

## ಹಂತ 2: ಗಾಳಿ ತುಂಬಿ, ತಾರೀಕು ಅಂಟಿಸಿ

ಇಡೀ ಕೆಲಸದ ಜೀವ ಈ ಹಂತದಲ್ಲಿದೆ. ಎಂಟು ವಾರ ನಡೆಯುತ್ತದೆ. ದಿನಕ್ಕೆ ಒಂದು ನಿಮಿಷ ಸಾಕು.

ಮೊದಲು ಎಲ್ಲ ಟಯರಿಗೂ ಗಾಳಿ ಹೊಡೆಯಿರಿ. ಟಯರಿನ ಪಕ್ಕದಲ್ಲಿ ಬರೆದಿರುವ ಮಿತಿಯೊಳಗೆ ಇರಲಿ. ಗಾಳಿ ನಿಲ್ಲದಿದ್ದರೆ ನೋಟ್‌ಬುಕ್ಕಿನಲ್ಲಿ "ನಿಲ್ಲಲ್ಲ" ಅಂತ ಬರೆದು ಮುಂದೆ ಹೋಗಿ. ಆಮೇಲೆ ಸೀಟಿನಿಂದ ಹ್ಯಾಂಡಲ್‌ಗೆ ಹೋಗುವ ಮೇಲಿನ ಪೈಪಿಗೆ ಒಂದು ಗೇಣು ಮಾಸ್ಕಿಂಗ್ ಟೇಪು ಅಂಟಿಸಿ ತಾರೀಕು ಬರೆಯಿರಿ.

ಇನ್ನು ಎಂಟು ವಾರ, ತುಳಿದು ಬಂದಾಗಲೆಲ್ಲ ಆ ಟೇಪಿನ ಮೇಲೆ ಒಂದು ಗೀಟು. ಮನೆಯಲ್ಲಿ ಯಾರು ತುಳಿದರೂ ಗೀಟು. ಭಾನುವಾರ ಎಲ್ಲ ಟಯರನ್ನೂ ಹೆಬ್ಬೆಟ್ಟಿನಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಗಾಳಿ ಹೊಡೆದು ಟೇಪಿನ ಮೇಲೆ "ಗಾ" ಅಂತ ಬರೆಯಿರಿ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ.

ಒಂದು, ಗೀಟಿಗೋಸ್ಕರ ತುಳಿಯುವುದು. "ಪಾಪ, ಇದು ಒಂದು ತಿಂಗಳಿಂದ ನಿಂತಿದೆ" ಅಂತ ಬೀದಿ ತುದಿಯವರೆಗೆ ಹೋಗಿ ಬರುತ್ತಾರೆ. ಎರಡು ಕಿಲೋಮೀಟರಿಗಿಂತ ಕಮ್ಮಿ ಇದ್ದು, ಕೈಯಲ್ಲಿ ಹಾಲೋ ತರಕಾರಿಯೋ ಕೂಡ ಇಲ್ಲದಿದ್ದರೆ, ಗೀಟು ಇಲ್ಲ.

ಎರಡು, ಮೆತ್ತಗಾದ ಟಯರನ್ನೆಲ್ಲ ಪಂಕ್ಚರ್ ಅಂದುಕೊಳ್ಳುವುದು. ತೆಳು ಟ್ಯೂಬಿನ ರೋಡ್ ಬೈಕಿಗೆ, ಅಂದರೆ ಟಾರ್ ರಸ್ತೆಯಲ್ಲಿ ವೇಗವಾಗಿ ಓಡುವ ಸೈಕಲ್ಲಿಗೆ, ಗಾಳಿಯ ಒತ್ತಡ 80ರಿಂದ 100 ಪಿಎಸ್‌ಐ ಇರುತ್ತದೆ. ತೂತಿಲ್ಲದೆಯೇ ಒಂದು ವಾರದಲ್ಲಿ ಅದು ಇಳಿಯುತ್ತದೆ. ದಪ್ಪ ಟಯರಿನ ಎಂಟಿಬಿ, ಅಂದರೆ ಮೌಂಟನ್ ಬೈಕು, ಅದಕ್ಕಿಂತ ಹೆಚ್ಚು ದಿನ ತಡೆಯುತ್ತದೆ. ಟ್ಯೂಬ್‌ಲೆಸ್ ಆಗಿದ್ದರೆ ಒಳಗಿನ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಕೆಲವು ತಿಂಗಳಲ್ಲಿ ಒಣಗುತ್ತದೆ, ಅದು ಬೇರೆ ರೋಗ.

ಮೂರು, ಜೂನ್ ಜುಲೈನಲ್ಲಿ ಶುರು ಮಾಡುವುದು. ಮಳೆಯಲ್ಲಿ ಹೆಚ್ಚಿನ ಸೈಕಲ್ಲೆಲ್ಲ ಸೊನ್ನೆ. ಆಯುಧ ಪೂಜೆ ದಿನ ಹೇಗೂ ಎಲ್ಲವನ್ನೂ ತೊಳೆದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ, ಅಲ್ವಾ? ಮಾರನೇ ದಿನ ಶುರು ಮಾಡಿ. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಉತ್ತರ ಕೈಯಲ್ಲಿರುತ್ತದೆ. ಅಂದ ಹಾಗೆ, ಪೂಜೆ ದಿನ ನಿಂಬೆಹಣ್ಣನ್ನು ಹತ್ತಿಸಿ ಒಡೆಯಲು ಯಾವ ಸೈಕಲ್ಲಿಗೆ ಆಗಲಿಲ್ಲ ಅಂತ ನೆನಪಿಡಿ. ಚಪ್ಪಟೆ ಟಯರು ನಿಂಬೆಹಣ್ಣಿನ ಮುಂದೆ ಹಾಗೇ ನಿಂತುಬಿಡುತ್ತದೆ. ಒಂದು ವರ್ಷ ನಮ್ಮ ಮನೆಯಲ್ಲಿ ಹತ್ತು ನಿಂಬೆಹಣ್ಣು ಹಾಗೇ ಉಳಿದವು. ಅಮ್ಮ ಶರಬತ್ತು ಮಾಡಿದರು.

ನನ್ನ ಟೇಪುಗಳು ಏನು ಹೇಳಿದವು ಅಂತ ನೋಡಿ. ಆಗ ಇದ್ದದ್ದು ಒಂಬತ್ತು ಸೈಕಲ್, ಎರಡು ಫ್ರೇಮು. ಎಂಟು ವಾರದಲ್ಲಿ ಒಟ್ಟು 47 ಗೀಟು. ಕ್ಯಾರಿಯರ್ ಇರುವ ನೀಲಿ ಹೈಬ್ರಿಡ್ಡಿಗೆ 31. ಎಂಟಿಬಿಗೆ 6, ರೋಡ್ ಬೈಕಿಗೆ 5, ಅಪ್ಪನ ಕಪ್ಪು ಹರ್ಕ್ಯುಲಿಸ್‌ಗೆ 4. ಉಳಿದ ಒಂದು ಗೀಟು ರಜೆಗೆ ಬಂದ ಅಕ್ಕನ ಮಗನದು. ಮಿಕ್ಕ ನಾಲ್ಕರ ಟೇಪಿನ ಮೇಲೆ ಬರೀ "ಗಾ ಗಾ ಗಾ". ನಾನು ಸವಾರ ಅಂದುಕೊಂಡಿದ್ದೆ, ಗಾಳಿ ಹೊಡೆಯುವ ಕೆಲಸದಲ್ಲಿದ್ದೆ.

ಸೊನ್ನೆ ಬಂದದ್ದನ್ನು ಆಗಲೇ ಮಾರಲು ಓಡಬೇಡಿ. ಕೆಲವು ಕಾಲಕ್ಕೆ ತಕ್ಕ ಸೈಕಲ್ ಇರುತ್ತವೆ. ಮಡ್‌ಗಾರ್ಡ್ ಹಾಕಿದ ಮಳೆಗಾಲದ್ದು ನವೆಂಬರಿನಲ್ಲಿ ನಿಂತೇ ಇರುತ್ತದೆ. ಸೊನ್ನೆಯವನ್ನು ಅನುಮಾನದ ಪಟ್ಟಿಗೆ ಹಾಕಿ, ಅಷ್ಟೇ.

## ಹಂತ 3: ಜಾಗ ಅಳೆಯಿರಿ

ಎಂಟು ವಾರ ಕಾಯುವಾಗ ಈ ಹಂತವನ್ನೂ ಮುಂದಿನ ಹಂತವನ್ನೂ ಮುಗಿಸಬಹುದು.

ದೊಡ್ಡವರ ಸೈಕಲ್ ಉದ್ದ ಸುಮಾರು 170ರಿಂದ 190 ಸೆಂಟಿಮೀಟರ್. ತೊಂದರೆ ಉದ್ದದ್ದಲ್ಲ, ಹ್ಯಾಂಡಲ್‌ದು. ರೋಡ್ ಬೈಕಿನ ಹ್ಯಾಂಡಲ್ 40ರಿಂದ 44 ಸೆಂಟಿಮೀಟರ್ ಇದ್ದರೆ, ಈಗಿನ ಎಂಟಿಬಿಯದು 70 ದಾಟುತ್ತದೆ. ಒಂದರ ಮುಖ ಈ ಕಡೆ, ಇನ್ನೊಂದರ ಮುಖ ಆ ಕಡೆ ಮಾಡಿ ನಿಲ್ಲಿಸಿದರೆ ಜಾಗ ಉಳಿಯುತ್ತದೆ. ಆದರೂ ಒಂದಕ್ಕೆ ಒಂದೂವರೆ ಅಡಿ ಅಗಲವನ್ನಾದರೂ ಲೆಕ್ಕ ಹಿಡಿಯಿರಿ. 30×40 ಸೈಟಿನ ಮನೆಯಲ್ಲಿ ಕಾರು ನಿಂತ ಮೇಲೆ ಉಳಿಯುವ ಜಾಗ ಎಷ್ಟು ಅಂತ ನಿಮಗೇ ಗೊತ್ತು.

ನಿಯಮ ಇಷ್ಟು: ಯಾವ ಸೈಕಲ್ ಬೇಕಾದರೂ ಹೆಚ್ಚೆಂದರೆ ಒಂದನ್ನು ಸರಿಸಿ ತೆಗೆಯಲು ಆಗಬೇಕು. ಎರಡು ಸರಿಸಬೇಕಾದರೆ ಆ ಗೋಡೆಯ ಜಾಗ ಮುಗಿದಿದೆ.

ಈ ನಿಯಮ ನನಗೆ ಕಲಿಸಿದ್ದು ಹೆಂಡತಿ. ಅವಳ ಸೈಕಲ್ ತುಳಿಯದೆ ನಿಂತಿದೆ ಅಂತ ಮಾರುವ ಪಟ್ಟಿಗೆ ಹಾಕಿದ್ದೆ. "ನಿಮ್ಮ ಮೂರು ಸೈಕಲ್ ಸರಿಸಿ ನಂದು ತೆಗೆಯೋ ಹೊತ್ತಿಗೆ ಬಿಸಿಲು ಬಂದಿರುತ್ತೆ ರೀ" ಅಂದಳು. ನೋಡಿದರೆ ಸೀಟನ್ನೂ ನಾನೇ ಎತ್ತರಿಸಿಟ್ಟಿದ್ದೆ. ಅದನ್ನು ಬಾಗಿಲ ಪಕ್ಕಕ್ಕೆ ತಂದು, ಸೀಟು ಇಳಿಸಿದ ಮೇಲೆ ವಾರಕ್ಕೆ ಮೂರು ದಿನ ಹೊರಗೆ ಹೋಗುತ್ತಿದೆ. ಇನ್ನೊಬ್ಬರ ಸೈಕಲ್ಲನ್ನು ನಿಮ್ಮ ಲೆಕ್ಕದಲ್ಲಿ ಕಳೆಯಬೇಡಿ.

ಗೋಡೆಗೆ ಹುಕ್ ಹೊಡೆದು ನೇತುಹಾಕುವವರಿಗೆ ಒಂದು ಮಾತು. ಹಳೇ 22 ಇಂಚು ಫ್ರೇಮಿನ ಸೈಕಲ್ ಸುಮಾರು 20 ಕೆಜಿ ತೂಗುತ್ತದೆ. ಹಾಲೋ ಬ್ಲಾಕ್ ಗೋಡೆಗೆ ಸಾದಾ ಪ್ಲಾಸ್ಟಿಕ್ ಪ್ಲಗ್ ಹಾಕಿ ತಿರುಪು ಬಿಗಿದರೆ ಇವತ್ತಲ್ಲ ನಾಳೆ ಕಿತ್ತು ಬರುತ್ತದೆ. ಕಾಂಕ್ರೀಟ್ ಬೀಮ್ ಅಥವಾ ಕಂಬ ಹುಡುಕಿ, ಆ್ಯಂಕರ್ ಬೋಲ್ಟ್ ಹಾಕಿಸಿ.

ಈ ಎರಡನ್ನು ಜಾಗದ ಲೆಕ್ಕಕ್ಕೇ ಸೇರಿಸಬೇಡಿ. ಒಂದು ತಾರಸಿ. ಬಿಸಿಲಿಗೆ ಟಯರಿನ ಪಕ್ಕ ಬಿರಿಯುತ್ತದೆ, ಸೀಟು ಒಡೆಯುತ್ತದೆ. ಬಿಚ್ಚಿಟ್ಟ ಹಳೇ ಟಯರಿನೊಳಗೆ ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ, ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಇನ್ನೊಂದು ಅಪಾರ್ಟ್‌ಮೆಂಟಿನ ಮೆಟ್ಟಿಲು. ಬೆಂಕಿ ಬಿದ್ದರೆ ಎಲ್ಲರೂ ಇಳಿಯುವ ದಾರಿ ಅದು. ಅಸೋಸಿಯೇಷನ್‌ನವರು ನೋಟಿಸ್ ಅಂಟಿಸುವವರೆಗೆ ಕಾಯಬೇಡಿ.

## ಹಂತ 4: ಗಂಟೆಯ ಲೆಕ್ಕ ಹಾಕಿ

ದುಡ್ಡಿನ ಲೆಕ್ಕ ಎಲ್ಲರೂ ಹಾಕುತ್ತಾರೆ, ಗಂಟೆಯ ಲೆಕ್ಕ ಯಾರೂ ಹಾಕುವುದಿಲ್ಲ.

ಒಂದು ಸೈಕಲ್ಲಿಗೆ ತಿಂಗಳಿಗೆ ಅರ್ಧ ಗಂಟೆ: ಒರೆಸುವುದು, ಚೈನಿಗೆ ಎಣ್ಣೆ, ಬ್ರೇಕ್ ನೋಡುವುದು, ನಟ್ಟು ಬಿಗಿ. ವರ್ಷಕ್ಕೆ ಆರು ಗಂಟೆ ಆಯಿತು. ಇದರ ಮೇಲೆ ವರ್ಷಕ್ಕೊಮ್ಮೆ ಚಕ್ರದ ನಡುವಿನ ಹಬ್, ಹ್ಯಾಂಡಲ್ ತಿರುಗುವ ಕಡೆಯ ಕಪ್, ಪೆಡಲ್ ಅಚ್ಚು ಬಿಚ್ಚಿ, ಹಳೇ ಗ್ರೀಸ್ ತೆಗೆದು, ಬೇರಿಂಗ್ ಬಾಲ್ ತೊಳೆದು ಹಾಕಲು ಮೂರೂವರೆ ಗಂಟೆ. ಒಟ್ಟು ಒಂಬತ್ತೂವರೆ.

ಒಂಬತ್ತು ಸೈಕಲ್ಲಿಗೆ ವರ್ಷಕ್ಕೆ 85 ಗಂಟೆ ದಾಟಿತು. ನನಗೆ ಸಿಗುವುದು ತಿಂಗಳಿಗೆ ಒಂದು ಭಾನುವಾರದ ಎರಡು ಗಂಟೆ, ಅಂದರೆ ವರ್ಷಕ್ಕೆ 24. ಎಲ್ಲ ನಾನೇ ಮಾಡುತ್ತೇನೆ ಅಂದರೆ ಎರಡೂವರೆ ಸೈಕಲ್. ವರ್ಷದ ದೊಡ್ಡ ಸರ್ವೀಸನ್ನು ಅಂಗಡಿಗೆ ಕೊಟ್ಟರೆ ನಾಲ್ಕು. ಈ ಭಾಗಾಕಾರ ಮಾಡಿದ ರಾತ್ರಿ ನನಗೆ ಊಟ ಸೇರಲಿಲ್ಲ.

ಆಮೇಲೆ ಸ್ಪೇರ್ ಟ್ಯೂಬಿನ ಲೆಕ್ಕ. ಎಷ್ಟು ತರಹದ ಟಯರ್ ಸೈಜು ಇದೆಯೋ ಅಷ್ಟು ತರಹದ ಟ್ಯೂಬು, ಟಯರು ಮನೆಯಲ್ಲಿರಬೇಕು. ಹಳೇ ಕಪ್ಪು ಸೈಕಲ್ಲಿಗೆ 28×1½. ಬಿಎಸ್‌ಎ ಎಸ್‌ಎಲ್‌ಆರ್ ತರಹದ್ದಕ್ಕೆ 26×1⅜. ಎಂಟಿಬಿಗೆ 26×2.1 ಅಥವಾ 27.5. ರೋಡ್ ಬೈಕಿಗೆ 700ಸಿ. ಇದರಲ್ಲಿ 26 ಅಂತ ಬರೆದಿರುವ ಎರಡೂ ಒಂದೇ ಅಂದುಕೊಂಡು ಟಯರ್ ತರಬೇಡಿ. ಒಂದರ ರಿಮ್ಮಿನಲ್ಲಿ ಟಯರ್ ಕೂರುವ ಜಾಗದ ಅಡ್ಡಳತೆ 590 ಮಿಲಿಮೀಟರ್, ಇನ್ನೊಂದರದ್ದು 559. ಒಂದಕ್ಕೊಂದು ಕೂರುವುದೇ ಇಲ್ಲ. ಟಯರಿನ ಪಕ್ಕದಲ್ಲಿ ಸಣ್ಣಗೆ ಅಚ್ಚಾಗಿರುವ 37-590, 54-559 ತರಹದ ನಂಬರು ನೋಡಿ ತನ್ನಿ. ವಾಲ್ವ್ ಕೂಡ ಮೂರು ತರಹ: ವಾಲ್‌ಟ್ಯೂಬ್ ಹಾಕುವ ಹಳೇದು, ಮೋಟಾರ್ ಬೈಕ್-ಕಾರಿನಲ್ಲಿರುವಂಥದ್ದು, ರೋಡ್ ಬೈಕಿನ ಸಪೂರದ್ದು. ಮನೆಯಲ್ಲಿ ನಾಲ್ಕು ಸೈಜು ಮೂರು ವಾಲ್ವ್ ಇದ್ದರೆ ನೀವು ಸೈಕಲ್ ಇಟ್ಟುಕೊಂಡಿಲ್ಲ, ಅಂಗಡಿ ಇಟ್ಟಿದ್ದೀರಿ.

## ಹಂತ 5: ಒಂದು ದಾರಿಗೆ ಒಂದು ಸೈಕಲ್

ನೋಟ್‌ಬುಕ್ಕಿನ ಎಡಗಡೆ ಹೋದ ವರ್ಷ ನಿಜವಾಗಿ ಹೋದ ದಾರಿಗಳನ್ನು ಬರೆಯಿರಿ. ಹೋಗಬೇಕು ಅಂದುಕೊಂಡವು ಬೇಡ. "ಲಡಾಖ್‌ಗೆ ಅಂತ ಇಟ್ಟಿದೀನಿ" ಅನ್ನುವುದು ದಾರಿ ಅಲ್ಲ.

ನನ್ನ ಪಟ್ಟಿ: ಹಾಲು-ತರಕಾರಿ-ಆಫೀಸು. ಭಾನುವಾರ ನಂದಿ ಬೆಟ್ಟ. ತಿಂಗಳಿಗೊಮ್ಮೆ ತುರಹಳ್ಳಿ ಕಡೆ ಮಣ್ಣಿನ ದಾರಿ. ವರ್ಷಕ್ಕೆ ಒಂದೆರಡು 200 ಕಿಲೋಮೀಟರ್ ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ. ಬಲಗಡೆ ಪ್ರತಿ ದಾರಿಯ ಎದುರು ಒಂದೇ ಸೈಕಲ್ ಬರೆಯಿರಿ. ಎರಡು ಬರೆಯುವ ಹಾಗಿಲ್ಲ. ಒಂದೇ ಸೈಕಲ್ ಎರಡು ದಾರಿಗೆ ಬಂದರೆ ತುಂಬಾ ಒಳ್ಳೆಯದು.

ಜಗಳ ಬರುವುದು ಬ್ರೆವೆಯಲ್ಲಿ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ ಇರುತ್ತದೆ, 300ಕ್ಕೆ 20 ಗಂಟೆ. ಅದಕ್ಕೆ ಬೇರೆಯೇ ಸೈಕಲ್ ಬೇಕು ಅಂತ ಬಹಳ ಜನ ಹಟ ಹಿಡಿಯುತ್ತಾರೆ. ನಾನೂ ಹಿಡಿದಿದ್ದೆ. ಆಮೇಲೆ ಅದೇ ರೋಡ್ ಬೈಕಿಗೆ ಸ್ವಲ್ಪ ಅಗಲದ ಟಯರು, ಎರಡು ಲೈಟು, ಸೀಟಿನ ಹಿಂದೆ ಒಂದು ಚೀಲ ಹಾಕಿ ಮುಗಿಸಿದೆ. ಸೈಕಲ್ ಬೇಕು ಅನ್ನಿಸಿದಾಗ ನಿಜವಾಗಿ ಬೇಕಿರುವುದು ಟಯರೋ, ಕ್ಯಾರಿಯರೋ, ಇನ್ನೊಂದು ಜೊತೆ ಚಕ್ರವೋ ಅಂತ ಮೊದಲು ಕೇಳಿಕೊಳ್ಳಿ.

ಪಟ್ಟಿಯಲ್ಲಿ ಬರದ ಸೈಕಲ್ಲಿಗೆ ನೆಪ ಹುಡುಕುತ್ತೀರಿ. ಅತಿ ಹೆಚ್ಚು ಕೇಳುವ ನೆಪ, "ಬೆಲೆ ಬರುತ್ತೆ ಇರಲಿ." ಅಟ್ಲಾಸ್ ಸೈಕಲ್ ಕಂಪನಿಯ ಉತ್ತರ ಪ್ರದೇಶದ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಕೆಲಸ ನಿಲ್ಲಿಸಿತು. ಇನ್ನು ಅಟ್ಲಾಸ್‌ಗೆ ಚಿನ್ನದ ಬೆಲೆ ಅಂತ ಪರಿಚಯದವರೊಬ್ಬರು ಗುಜರಿಯಿಂದ ಮೂರು ತಂದಿಟ್ಟರು. ಮೂರೂ ಹಾಗೇ ಇವೆ. ಲಕ್ಷಗಟ್ಟಲೆ ತಯಾರಾದ ಸೈಕಲ್, ಕಾರ್ಖಾನೆ ನಿಂತ ಮಾತ್ರಕ್ಕೆ ಅಪರೂಪ ಆಗುವುದಿಲ್ಲ. ಎಚ್‌ಎಂಟಿ ವಾಚ್ ಕೂಡಿಡುವವರನ್ನು ನೋಡಿ ಮೋಸ ಹೋಗಬೇಡಿ. ಇಪ್ಪತ್ತು ವಾಚು ಒಂದು ಡ್ರಾಯರಿನಲ್ಲಿ ಹಿಡಿಯುತ್ತದೆ.

## ಹಂತ 6: ಮಿತಿ ಬರೆದು ಗೋಡೆಗೆ ಅಂಟಿಸಿ

ಈಗ ಕೈಯಲ್ಲಿ ಮೂರು ಸಂಖ್ಯೆ ಇವೆ. ಜಾಗ ಹಿಡಿಸುವಷ್ಟು, ಗಂಟೆ ಸಿಗುವಷ್ಟು, ದಾರಿಗೆ ಬೇಕಾದಷ್ಟು. ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ. ಸರಾಸರಿ ತೆಗೆಯಬೇಡಿ. ನನಗೆ ಜಾಗ ಆರಕ್ಕಿತ್ತು, ಗಂಟೆ ನಾಲ್ಕಕ್ಕೆ, ದಾರಿ ಮೂರು ಸೈಕಲ್ಲಿಗೆ.

ಹಾಗಾದರೆ ಮೂರು. ಅಪ್ಪನ ಹರ್ಕ್ಯುಲಿಸ್? ಅದಕ್ಕೆ ಒಂದು ಜಾಗ ಬೇರೆ ಇಟ್ಟೆ. ನೆನಪಿಗೆ ಅಂತ ಒಂದು, ಒಂದೇ ಒಂದು. ಗಂಟೆಯ ಲೆಕ್ಕ ನಾಲ್ಕಕ್ಕೆ ಇದ್ದದ್ದರಿಂದ ಅದು ಹಿಡಿಸಿತು. ನಿಮ್ಮ ಲೆಕ್ಕದಲ್ಲಿ ಹಿಡಿಸದಿದ್ದರೆ ನೆನಪಿನದನ್ನು ಉಳಿಸಿ, ಇನ್ನೊಂದನ್ನು ಬಿಡಿ. ನೆನಪಿನದು ಎರಡಿದ್ದರೆ ಒಂದರ ಬೆಲ್ಲು, ಡೈನಮೋ ಲೈಟು, ಹ್ಯಾಂಡಲ್ ಕೆಳಗಿನ ಕಂಪನಿ ಬಿಲ್ಲೆ ಬಿಚ್ಚಿ ಇಟ್ಟುಕೊಂಡು ಉಳಿದದ್ದನ್ನು ಕಳಿಸಿ. ಅಜ್ಜನ ಸೈಕಲ್ ತುಕ್ಕು ಹಿಡಿದು ನಿಂತಿರುವುದಕ್ಕಿಂತ ಅಜ್ಜನ ಬೆಲ್ಲು ದಿನಾ ಟ್ರಿಣ್ ಅನ್ನುವುದು ವಾಸಿ.

ಮನೆಯವರೆಲ್ಲ ನೋಡುವ ಕಡೆ ಸಂಖ್ಯೆ ಬರೆದು ಅಂಟಿಸಿ. ನಮ್ಮ ಮನೆಯಲ್ಲಿ ಫ್ರಿಜ್ಜಿನ ಮೇಲೆ, ಗ್ಯಾಸ್ ಬುಕ್ ಮಾಡುವ ನಂಬರಿನ ಕೆಳಗೆ ಇದೆ.

## ಹಂತ 7: ಹೋಗುವ ಸೈಕಲ್ ಆರಿಸುವ ಕ್ರಮ

ಈ ಕ್ರಮ ತಪ್ಪಿದರೆ ಮೊದಲಿನ ಕಥೆಯೇ ಮತ್ತೆ.

ಮೊದಲು ಬಿರುಕು ಬಿಟ್ಟ ಫ್ರೇಮು. ಟಾರ್ಚ್ ಹಿಡಿದು ಹ್ಯಾಂಡಲ್ ಕೂರುವ ಪೈಪಿನ ಹಿಂದೆ, ಪೆಡಲ್ ಅಚ್ಚಿನ ಸುತ್ತ, ಸೀಟು ಬಿಗಿಯುವ ಕಡೆ ನೋಡಿ. ಅಲ್ಯೂಮಿನಿಯಂನಲ್ಲಿ ವೆಲ್ಡಿಂಗ್ ಪಕ್ಕದ ಪೇಂಟಿನಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತದೆ. ಉಗುರು ಸಿಕ್ಕಿಕೊಂಡರೆ ಅನುಮಾನ ಬೇಡ. ಇದನ್ನು ಮಾರುವ ಹಾಗೂ ಇಲ್ಲ, ದಾನ ಕೊಡುವ ಹಾಗೂ ಇಲ್ಲ.

ಎರಡನೆಯದು, ಬೇರೆಯದಕ್ಕೆ ಬಿಡಿಭಾಗ ಕೊಟ್ಟು ಅರ್ಧ ಆಗಿರುವ ಸೈಕಲ್. ಬೇಕಾದ ಭಾಗ ಒಂದು ಡಬ್ಬಿಗೆ ಹಾಕಿ, ಉಳಿದದ್ದು ಹೊರಡಲಿ. ಡಬ್ಬಿ ಒಂದೇ. ತುಂಬಿದರೆ ಹೊಸದು ಬರುವ ಹಾಗಿಲ್ಲ.

ಮೂರನೆಯದು, ಮಕ್ಕಳಿಗೆ ಚಿಕ್ಕದಾದದ್ದು. 16 ಇಂಚಿನ ಚಕ್ರದ್ದು ಆರು ವರ್ಷದ ಮಗುವಿಗೆ ಮೊಣಕಾಲು ಹ್ಯಾಂಡಲ್‌ಗೆ ತಾಗಲು ಶುರುವಾದರೆ ಮುಗಿಯಿತು. ಬೇಗ ಕೊಟ್ಟರೆ ಇನ್ನೊಂದು ಮಗು ತುಳಿಯುತ್ತದೆ. ಎರಡು ವರ್ಷ ಬಿಟ್ಟರೆ ಗುಜರಿ.

ನಾಲ್ಕನೆಯದು, ಒಂದೇ ದಾರಿಗೆ ಇರುವ ಎರಡರಲ್ಲಿ ಒಂದು. ಇಲ್ಲಿ ಟೇಪಿನ ಗೀಟು ನೋಡಿ. ಬೆಲೆ ನೋಡಬೇಡಿ. ದುಬಾರಿ ಅಂತ ತುಳಿಯದ್ದನ್ನು ಉಳಿಸಿ, ಅಗ್ಗ ಅಂತ ದಿನಾ ತುಳಿಯುವುದನ್ನು ಮಾರಿದವರು ಮೂರು ತಿಂಗಳಲ್ಲಿ ಇನ್ನೊಂದು ಅಗ್ಗದ್ದು ತರುತ್ತಾರೆ. ಗೀಟು ಸಮ ಇದ್ದರೆ ಚೈನ್ ಅಳೆಯಿರಿ. ಒಂದು ಪಿನ್ನಿನ ನಡುವಿನಿಂದ ಸ್ಕೇಲ್ ಇಟ್ಟರೆ 24 ಪಿನ್ ದಾಟಿದ ಮೇಲೆ ಸರಿಯಾಗಿ 12 ಇಂಚು ಇರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸಬೇಕು. ಎಂಟನೇ ಒಂದು ಭಾಗ ಹೋಗಿದ್ದರೆ ಹಿಂದಿನ ಹಲ್ಲಿನ ಚಕ್ರಗಳೂ ಸವೆದಿರುತ್ತವೆ. ನಟ್ಟು ಸಡಿಲಿಸಿದರೆ ಸೀಟಿನ ಕಂಬ ಮೇಲೆ ಕೆಳಗೆ ಸರಿಯುತ್ತದಾ ಅಂತ ನೋಡಿ. ಸ್ಟೀಲ್ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬ ಗ್ರೀಸ್ ಇಲ್ಲದೆ ವರ್ಷಗಟ್ಟಲೆ ಕೂತರೆ ಬೆಸೆದುಕೊಂಡು ಬಿಡುತ್ತದೆ, ತೆಗೆಯುವ ಕೂಲಿ ಸೈಕಲ್ ಬೆಲೆ ಮುಟ್ಟುತ್ತದೆ.

ಮಾರುವ ಮುಂಚೆ ಚೆಂದ ಮಾಡಿಸುವ ಹುಚ್ಚು ಬೇಡ. ನಾನು ಒಂದು ಹಳೇ 24 ಇಂಚಿನದಕ್ಕೆ ಒಂದು ಅಂಗಡಿಯಲ್ಲಿ ಪೇಂಟು, ಕ್ರೋಮು ಮಾಡಿಸಿ ಆರೂವರೆ ಸಾವಿರ ಕೊಟ್ಟೆ. ಹಳೇ ಸ್ಟಿಕರ್, ಚಿನ್ನದ ಗೆರೆ ಎಲ್ಲ ಉಜ್ಜಿ ಹೋಯಿತು. ನೋಡಲು ಬಂದವರು "ಒರಿಜಿನಲ್ ಪೇಂಟ್ ಇದ್ದಿದ್ರೆ ತಗೋತಿದ್ದೆ" ಅಂದರು. ಕೊನೆಗೆ ಮೂರು ಸಾವಿರಕ್ಕೆ ಹೋಯಿತು.

## ಹಂತ 8: ಕಳಿಸುವುದು

ಮಾರುವುದಾದರೆ. ತೊಳೆಯಿರಿ, ಗಾಳಿ ಹೊಡೆಯಿರಿ, ಚೈನಿಗೆ ಎಣ್ಣೆ ಬಿಡಿ, ಬ್ರೇಕ್ ಹಿಡಿಯುವ ಹಾಗೆ ಮಾಡಿ. ಅಷ್ಟೇ ಖರ್ಚು. ಫೋಟೋ ಚೈನ್ ಇರುವ ಬಲಗಡೆಯಿಂದ, ಹಗಲು ಬೆಳಕಿನಲ್ಲಿ. ಗೀರು, ತುಕ್ಕು ಇರುವ ಕಡೆಯದ್ದೂ ಒಂದು ಫೋಟೋ ಹಾಕಿದರೆ ಬಂದವರು ಚೌಕಾಸಿ ಕಮ್ಮಿ ಮಾಡುತ್ತಾರೆ. ಓಡಿಸಿ ನೋಡುತ್ತೇನೆ ಅಂದರೆ ಪೂರ್ತಿ ಹಣ ಕೈಗೆ ಪಡೆದು ಕೊಡಿ. ಕೊಡುವಾಗ ತಾರೀಕು, ಫ್ರೇಮ್ ನಂಬರು, ಇಬ್ಬರ ಸಹಿ ಇರುವ ಚೀಟಿ ಎರಡು ಪ್ರತಿ. ಹಂತ 1ರಲ್ಲಿ ನಂಬರು ಬರೆಸಿದ್ದು ಇದಕ್ಕೇ. ಮುಂದೆ ಆ ಸೈಕಲ್ ಯಾವುದಾದರೂ ತಕರಾರಿನಲ್ಲಿ ಸಿಕ್ಕರೆ ನಿಮ್ಮ ಹತ್ತಿರ ಕಾಗದ ಇರುತ್ತದೆ.

ನೆಂಟರಿಗೆ ಮಾರಬೇಡಿ. ಕೊಟ್ಟುಬಿಡಿ, ಇಲ್ಲ ಬಿಟ್ಟುಬಿಡಿ.

ಕೊಡುವುದಾದರೆ. ಮೊದಲು ಕೇಳಿ, ಆಮೇಲೆ ಕೊಡಿ. ವಾಚ್‌ಮನ್‌ಗೆ, ಪೇಪರ್ ಹಾಕುವ ಹುಡುಗನಿಗೆ, ಊರಿನ ಶಾಲೆಗೆ ಗೇರ್ ಇರುವ ರೋಡ್ ಬೈಕ್ ಕೊಟ್ಟರೆ ಹೊರೆ ಕೊಟ್ಟ ಹಾಗೆ. ಅದರ ಟ್ಯೂಬು ಹೋಬಳಿಯಲ್ಲಿ ಸಿಗುವುದಿಲ್ಲ. ಗೇರಿಲ್ಲದ ಸ್ಟೀಲ್ ಸೈಕಲ್ ಕೊಡಿ. 2006-07ರಿಂದ ಸರ್ಕಾರ 8ನೇ ತರಗತಿ ಮಕ್ಕಳಿಗೆ ಕೊಟ್ಟದ್ದು ಆ ತರಹದ್ದೇ. ಬಹಳ ಮನೆಗಳ ಹಿತ್ತಲಲ್ಲಿ ಅದು ಇನ್ನೂ ನಿಂತಿದೆ, ಹಳ್ಳಿಯ ಯಾವ ಸೈಕಲ್ ಶಾಪಿನಲ್ಲೂ ಅದಕ್ಕೆ ಸಾಮಾನು ಸಿಗುತ್ತದೆ. ಎರಡು ಹೊಸ ಟ್ಯೂಬು, ಬ್ರೇಕ್ ರಬ್ಬರ್ ಹಾಕಿಸಿ ಕೊಡಿ. ಪಂಕ್ಚರ್ ಆದ ಸೈಕಲ್ ದಾನ ಕೊಡುವುದು ನಮ್ಮ ಕಸ ಅವರ ಮನೆಗೆ ಹಾಕಿದ ಹಾಗೆ.

ದೂರಕ್ಕೆ ಪಾರ್ಸೆಲ್ ಕಳಿಸುವಾಗ ಪೆಡಲ್ ಬಿಚ್ಚಬೇಕು. ಎಡ ಪೆಡಲಿನ ತಿರುಪು ಉಲ್ಟಾ. ಎರಡೂ ಕಡೆ ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ ಅಂತ ನೆನಪಿಟ್ಟರೆ ಸಾಕು. ಇದು ಗೊತ್ತಿಲ್ಲದೆ ಸುತ್ತಿಗೆ ಹೊಡೆದವರಿದ್ದಾರೆ.

ಗುಜರಿಗಾದರೆ. ಬಿರುಕು ಬಿಟ್ಟ ಫ್ರೇಮನ್ನು ಹ್ಯಾಕ್ಸಾದಲ್ಲಿ ಎರಡು ತುಂಡು ಮಾಡಿಯೇ ಕೊಡಿ. ಹಾಗೇ ಕೊಟ್ಟರೆ ಪೇಂಟ್ ಬಳಿದುಕೊಂಡು ಯಾವುದೋ ಮಗುವಿನ ಕೈಗೆ ಹೋಗುತ್ತದೆ.

ಒಂದು ಗಡುವು ಇರಲಿ. ಮಾರುವುದಕ್ಕೆ ಆರು ವಾರ. ಹೋಗದಿದ್ದರೆ ಬೆಲೆ ಕಾಲು ಭಾಗ ಇಳಿಸಿ ಇನ್ನೆರಡು ವಾರ. ಆಗಲೂ ಹೋಗದಿದ್ದರೆ ಸುಮ್ನೆ ಕೊಟ್ಟುಬಿಡಿ.

## ಹಂತ 9: ಮತ್ತೆ ತುಂಬದ ಹಾಗೆ ನೋಡಿಕೊಳ್ಳಿ

ಹೊಸದು ಬರಬೇಕಾದರೆ ಹಳೆಯದು ಮೊದಲು ಗೇಟು ದಾಟಬೇಕು. "ತಂದ ಮೇಲೆ ಮಾರ್ತೀನಿ" ಅನ್ನುವುದನ್ನು ಮನೆಯಲ್ಲಿ ಯಾರೂ ನಂಬಬಾರದು. ನೀವು ಕೂಡ.

ಗುಜರಿ ಅಂಗಡಿಯಲ್ಲಿ ಒಳ್ಳೆಯದು ಕಂಡರೆ ಫೋಟೋ ತೆಗೆದು, ಒಂದು ವಾರ ಬಿಟ್ಟು ಮತ್ತೆ ಹೋಗಿ. ಇದ್ದರೆ ಆಗ ನೋಡೋಣ. ಹತ್ತರಲ್ಲಿ ಏಳು ಸಲ ನಾನು ಮತ್ತೆ ಹೋಗಿಲ್ಲ.

ಇನ್ನೊಂದು ಕೆಲಸ ಅವತ್ತೇ ಮಾಡಿ. ಸೈಕಲ್ ಹೋದ ಜಾಗವನ್ನು ಖಾಲಿ ಬಿಡಬೇಡಿ. ಖಾಲಿ ಹುಕ್ಕು ಎರಡು ತಿಂಗಳಲ್ಲಿ ಇನ್ನೊಂದು ಸೈಕಲ್ಲನ್ನು ಕರೆಯುತ್ತದೆ. ನಮ್ಮ ಮನೆಯಲ್ಲಿ ಮೊದಲು ಫೋಲ್ಡಿಂಗ್ ಸೈಕಲ್ ನೇತಾಡುತ್ತಿದ್ದ ಹುಕ್ಕಿನಲ್ಲಿ ಈಗ ಅಮ್ಮನ ತೆಂಗಿನ ಪೊರಕೆ ಇದೆ. ಅದನ್ನು ತೆಗೆದು ಬೇರೆ ಕಡೆ ಇಡಿ ಅಂತ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.